ಕರ್ನಲ್ಲರ ನೆನಪು ಸೋರಿದ್ದು

ಕರ್ನಲ್ಲರು ಜನ್ಮದಲ್ಲಿ ಬಂದೂಕು ಮುಟ್ಟಿದವರಲ್ಲ. ಸೊಳ್ಳೆ ಹೊಡೆಯುವ ಮುಂಚೆಯೂ ಎರಡು ಸಲ ಯೋಚಿಸಿ, ಅಷ್ಟರಲ್ಲಿ ಕಚ್ಚಿಸಿಕೊಳ್ಳುವ ಜೀವ. ಆದರೂ ಅವರಿದ್ದ ನಾಲ್ಕಂತಸ್ತಿನ ಕಟ್ಟಡದಲ್ಲಿ ಗೇಟಿನಿಂದ ತಾರಸಿಯವರೆಗೆ ಎಲ್ಲರ ಬಾಯಲ್ಲೂ ಅವರು ಕರ್ನಲ್ಲರೇ.

ಇದಕ್ಕೆ ಕಾರಣ ಎದುರುಮನೆಯ ಟೀಚರಮ್ಮ. ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದ ಮೇಲೆ ಕಟ್ಟಡದ ಸಂಘಕ್ಕೆ ಅಧ್ಯಕ್ಷೆಯಾಗಿದ್ದರು. ಹೊಸದಾಗಿ ಬಂದ ದಂಪತಿಗಳನ್ನು ಮೊದಲ ದಿನವೇ ಕೂರಿಸಿಕೊಂಡು ವಿಚಾರಿಸಿದರು.

"ಏನು ಕೆಲಸ ಮಾಡ್ತೀರಿ?"

"ಕರ್ನಲ್‌ನಲ್ಲಿದೀನಿ ಮೇಡಂ. ಅಂದ್ರೆ..."

ಆ "ಅಂದ್ರೆ" ಆದ ಮೇಲೆ ಬರಬೇಕಿದ್ದ ವಿವರಣೆ ಬರಲೇ ಇಲ್ಲ. ಟೀಚರಮ್ಮ ಆಗಲೇ ಕುರ್ಚಿಯಿಂದ ಎದ್ದು ನಿಂತಿದ್ದರು. ಸಂಜೆಯೊಳಗೆ ಮೆಟ್ಟಿಲ ಪಕ್ಕದ ನೆರಳಿನ ಗೋಡೆಯ ಮೇಲೆ ಬಿಳಿ ಬಣ್ಣದಲ್ಲಿ "ಕರ್ನಲ್" ಎಂದು ಬರೆಸಿ, ಗಾಡಿ ನಿಲ್ಲಿಸಲು ಆ ಜಾಗವನ್ನು ಅವರಿಗೇ ಬಿಟ್ಟುಕೊಟ್ಟಿದ್ದರು. ಮಾರನೆಯ ಬೆಳಿಗ್ಗೆ ಗೇಟ್ ಕಾಯುವ ತಾತ, ನಿಜವಾಗಿಯೂ ಹದಿನೆಂಟು ವರ್ಷ ಸೈನ್ಯದಲ್ಲಿದ್ದು ಬಂದವರು, ಬೂಟು ಕುಟ್ಟಿ ಸೆಲ್ಯೂಟ್ ಹೊಡೆದರು. ನಾಳೆ ಹೇಳಿದರಾಯಿತು ಎಂದುಕೊಂಡು ನಮ್ಮವರೂ ಒಂದು ಸೆಲ್ಯೂಟ್ ಹೊಡೆದು ಹೋದರು. ಆ ನಾಳೆ ಮೂರು ವರ್ಷವಾದರೂ ಬರಲಿಲ್ಲ. ಬಿಸಿಲಲ್ಲಿ ನಿಂತು ಕಾದ ಸ್ಕೂಟರಿನ ಸೀಟಿನ ಮೇಲೆ ಒಮ್ಮೆಯಾದರೂ ಕೂತವರು ಈ ತಪ್ಪನ್ನು ಕ್ಷಮಿಸಿಯಾರು.

ಅವರ ನಿಜವಾದ ಕರ್ನಲ್ ಇದ್ದದ್ದು ಕಂಪ್ಯೂಟರಿನ ಹೊಟ್ಟೆಯೊಳಗೆ; ಇಂಗ್ಲಿಷಿನಲ್ಲಿ ಅದು ಬೇರೆಯೇ ಪದ, ಕಿವಿಗೆ ಮಾತ್ರ ಎರಡೂ ಒಂದೇ. ಕಂಪ್ಯೂಟರನ್ನು ಒಂದು ಕೂಡುಕುಟುಂಬ ಎಂದುಕೊಂಡರೆ ಕರ್ನಲ್ ಅದರ ಯಜಮಾನ. ಯಾವ ಪ್ರೋಗ್ರಾಂ ಬಂದು ಮೆಮರಿ ಕೇಳಿದರೂ ಪುಟಗಳ ಲೆಕ್ಕದಲ್ಲಿ ಅಳೆದು ಕೊಡಬೇಕು, ಕೆಲಸವಾದ ಮೇಲೆ ವಾಪಸ್ ಇಸಿದುಕೊಳ್ಳಬೇಕು. ಚಿಕ್ಕ ಕೆಲಸಕ್ಕೆ ಚಿಕ್ಕ ಪುಟ. ದೊಡ್ಡ ಕೆಲಸಕ್ಕೆ ಐನೂರ ಹನ್ನೆರಡು ಚಿಕ್ಕ ಪುಟಗಳನ್ನು ಒಟ್ಟಿಗೆ ಸೇರಿಸಿ ಹೊಲಿದಂಥ ಒಂದು ದೊಡ್ಡ ಪುಟ. ನಾಲ್ಕು ತಿಂಗಳಿಂದ ಈ ದೊಡ್ಡ ಪುಟಗಳು ಹೋಗುತ್ತಿದ್ದವು, ಸರಿಯಾಗಿ ವಾಪಸ್ ಬರುತ್ತಿರಲಿಲ್ಲ. ಇದಕ್ಕೆ ಅವರ ಕಚೇರಿಯಲ್ಲಿ ಮೆಮರಿ ಲೀಕ್ ಎನ್ನುತ್ತಿದ್ದರು. ಊರಿನ ದೊಡ್ಡಾಸ್ಪತ್ರೆಯ ಕಂಪ್ಯೂಟರುಗಳು ಇವರ ಕಚೇರಿ ಮಾಡಿಕೊಟ್ಟ ವ್ಯವಸ್ಥೆಯಲ್ಲೇ ನಡೆಯುತ್ತಿದ್ದವು. ದಿನಾ ಹನ್ನೊಂದು ಗಂಟೆಗೆ ಅವುಗಳಲ್ಲಿ ಮೆಮರಿಯೆಲ್ಲ ಖಾಲಿಯಾಗಿ, ಕೆಟ್ಟ ಗಡಿಯಾರದ ಹಾಗೆ ನಿಂತುಬಿಡುತ್ತಿದ್ದವು. ಸ್ಕ್ಯಾನ್ ಚಿತ್ರಗಳಿಗೆ ಕಾದ ರೋಗಿಗಳು ಮುಕ್ಕಾಲು ಗಂಟೆ ನಿಂತ ಕಾಲಲ್ಲಿ ನಿಲ್ಲಬೇಕು. ಕಚೇರಿಯಲ್ಲಿ ಕೂತು ಕರ್ನಲ್ಲರು ಸಾವಿರ ಸಲ ಪರೀಕ್ಷೆ ಮಾಡಿದರೂ ಪುಟಗಳು ಒಳ್ಳೆ ಮಕ್ಕಳ ಹಾಗೆ ಮನೆಗೆ ವಾಪಸ್ ಬರುತ್ತಿದ್ದವು.

ಬುಧವಾರ ಬೆಳಿಗ್ಗೆ ಅವರ ಸಾಹೇಬರು ಫೋನ್ ಮಾಡಿದರು. ಕರ್ನಲ್ಲರು ಬಾಲ್ಕನಿಯಲ್ಲಿ ನಿಂತು ಮಾತಾಡಿದರು. ಎದುರು ಬಾಲ್ಕನಿಯಲ್ಲಿ ಟೀಚರಮ್ಮ ಬಟ್ಟೆ ಒಣಹಾಕುತ್ತಿದ್ದರು. ಅವರಿಗೆ ಕೇಳಿಸಿದ್ದು ಈ ಕಡೆಯ ಮಾತು ಮಾತ್ರ.

"ಹೌದು ಸರ್, ಮೆಮರಿ ಲೀಕ್ ಆಗ್ತಾನೇ ಇದೆ... ಇಲ್ಲ ಸರ್, ಬೆಳಿಗ್ಗೆ ಚೆನ್ನಾಗೇ ಇರುತ್ತೆ. ಹತ್ತರ ಮೇಲೆ ಸೋರೋಕೆ ಶುರು. ಹನ್ನೊಂದಕ್ಕೆ ಪೂರ್ತಿ ಖಾಲಿ... ನಾಲ್ಕು ತಿಂಗಳಾಯ್ತು ಸರ್... ಶುಕ್ರವಾರದೊಳಗೆ ಸರಿಹೋಗದಿದ್ರೆ ನನ್ನ ಕಥೆ ಮುಗೀತು, ಗೊತ್ತು ಸರ್... ಮನೇಲಾ? ಅಯ್ಯೋ, ಹೆಂಡ್ತಿಗೆ ಇನ್ನೂ ಹೇಳಿಲ್ಲ."

ಹೇಳಿರದಿದ್ದದ್ದು ಏನೆಂದರೆ, ಶುಕ್ರವಾರ ದಾಟಿದರೆ ಆಸ್ಪತ್ರೆಯವರು ಇವರ ವ್ಯವಸ್ಥೆಯನ್ನೇ ಕಿತ್ತೆಸೆಯುತ್ತಾರೆ, ಅದರ ಜೊತೆ ಕರ್ನಲ್ಲರ ಕೆಲಸವೂ ಹೋಗುತ್ತದೆ. ಟೀಚರಮ್ಮನಿಗೆ ಅರ್ಥವಾದದ್ದೇ ಬೇರೆ. ಕೈಯಲ್ಲಿದ್ದ ಒದ್ದೆ ಟವೆಲನ್ನು ಹೆಗಲ ಮೇಲೆ ಹಾಕಿಕೊಂಡೇ ಅವರು ಮೆಟ್ಟಿಲಿಳಿದು, ಬೀದಿ ದಾಟಿ, ಕರ್ನಲ್ಲರ ಹೆಂಡತಿ ನಡೆಸುತ್ತಿದ್ದ ಹೊಲಿಗೆ ಅಂಗಡಿಗೆ ಹೋದರು.

"ಎದೆ ಗಟ್ಟಿ ಮಾಡ್ಕೊಳಮ್ಮ. ನಿಮ್ಮ ಯಜಮಾನ್ರ ನೆನಪು ಸೋರಿಹೋಗ್ತಿದೆ. ಅವರ ಬಾಯಿಂದಲೇ ಕೇಳ್ದೆ."

ಬೇರೆ ಯಾರಾದರೂ ಆಗಿದ್ದರೆ ನಕ್ಕುಬಿಡುತ್ತಿದ್ದರೇನೋ. ಹೆಂಡತಿ ನಗಲಿಲ್ಲ. ಹೊಲಿಗೆ ಯಂತ್ರ ನಿಲ್ಲಿಸಿದರು. ಗಂಡ ಹೋದ ವಾರ ಊಟದ ಡಬ್ಬಿಯನ್ನು ಕಸದ ತೊಟ್ಟಿಗೆ ಹಾಕಿ ಕಸದ ಚೀಲವನ್ನು ಕಚೇರಿಗೆ ಒಯ್ದಿದ್ದರು. ಅದರ ಹಿಂದಿನ ವಾರ ಕ್ಷೌರದಂಗಡಿಯಲ್ಲಿ ಏನೋ ಹೊಳೆಯಿತೆಂದು ಅರ್ಧಕ್ಕೇ ಎದ್ದು ಬಂದಿದ್ದರು. ಎಡಗಡೆ ನೋಡಿದವರಿಗೆ ಸಂಭಾವಿತ, ಬಲಗಡೆ ನೋಡಿದವರಿಗೆ ಸನ್ಯಾಸಿ. ಅವತ್ತಿನಿಂದ ಹಾಗೇ ಓಡಾಡುತ್ತಿದ್ದರು. ಇದೆಲ್ಲ ಕೆಲಸದ ಗುಂಗು ಎಂದು ಸುಮ್ಮನಿದ್ದ ಹೆಂಡತಿಗೆ ಈಗ ಒಂದೊಂದೂ ಬೇರೆ ಥರ ಕಾಣತೊಡಗಿತು. ತಕ್ಷಣ ಅಣ್ಣನಿಗೆ ಫೋನ್ ಮಾಡಿದರು.

ಅಣ್ಣ ನಿವೃತ್ತ ಸ್ಟೇಷನ್ ಮಾಸ್ಟರ್. ಜಗತ್ತಿನ ಎಲ್ಲ ಕಷ್ಟಕ್ಕೂ ವೇಳಾಪಟ್ಟಿ ಇಲ್ಲದಿರುವುದೇ ಮೂಲ ಎಂದು ನಂಬಿದವರು. ಮಧ್ಯಾಹ್ನದೊಳಗೆ ಬಂದಿಳಿದರು. ಸಂಜೆ ಕರ್ನಲ್ಲರು ಮನೆಗೆ ಬಂದಾಗ ಬಚ್ಚಲ ಬಾಗಿಲಿಗೆ ಒಂದು ಕಾಗದ ಅಂಟಿತ್ತು: "6.10, ಹಲ್ಲುಜ್ಜುವುದು. 6.15, ಹಲ್ಲುಜ್ಜಿದ್ದನ್ನು ನೆನಪಿಟ್ಟುಕೊಳ್ಳುವುದು." ಬೀರುವಿನ ಮೇಲೆ "ಬೀರು", ಫ್ಯಾನಿನ ಗುಂಡಿಯ ಮೇಲೆ "ಫ್ಯಾನ್", ಕನ್ನಡಿಯ ಮೇಲೆ "ಇದು ನೀವೇ".

"ಏನು ಭಾವ ಇದೆಲ್ಲ?"

"ಏನಿಲ್ಲ, ಏನಿಲ್ಲ. ನೀವು ಶಾಂತವಾಗಿರಿ," ಎಂದರು ಭಾವ. ರೈಲು ತಡವಾದಾಗ ಪ್ರಯಾಣಿಕರಿಗೆ ಹೇಳುತ್ತಿದ್ದ ಅದೇ ಧ್ವನಿ. "ನಾನು ಯಾರು, ಹೇಳಿ ನೋಡೋಣ?"

"ಭಾವ."

"ಭೇಷ್!" ಭಾವ ತಂಗಿಯ ಕಡೆ ತಿರುಗಿ, "ಇನ್ನೂ ಸಿಗ್ನಲ್ ಇದೆ," ಎಂದರು.

ಟೀಚರಮ್ಮ ಊಟದ ಹೊತ್ತಿಗೆ ಬಂದು ಹದಿನೇಳರ ಮಗ್ಗಿ ಹೇಳಿಸಿದರು. ಕರ್ನಲ್ಲರು ಹದಿನೇಳು ಆರಲ ನೂರಾ ಎರಡರವರೆಗೆ ಸಲೀಸಾಗಿ ಹೋಗಿ, ಅಲ್ಲಿ ಪುಟಗಳ ಯೋಚನೆ ಬಂದು, "ಹದಿನೇಳು ಏಳಲ ಐನೂರ ಹನ್ನೆರಡು" ಎಂದುಬಿಟ್ಟರು. ಟೀಚರಮ್ಮ ಕಣ್ಣೊರೆಸಿಕೊಂಡು ಹೊರಗೆ ಹೋದರು.

ಗುರುವಾರ ಭಾವ ಅಲ್ಲಿ ಇಲ್ಲಿ ಓಡಾಡಿ, ಯಾರು ಯಾರಿಗೋ ಹೇಳಿಸಿ, ರಾತ್ರಿ ಊಟಕ್ಕೆ ಕೂತಾಗ ಮೆತ್ತಗೆ ಮಾತು ತೆಗೆದರು.

"ನೋಡಿ, ಮುಚ್ಚುಮರೆ ಬೇಡ. ನಿಮ್ಮ ಮೆಮರಿ ಲೀಕ್ ವಿಷಯ ನಮಗೆಲ್ಲ ಗೊತ್ತಾಗಿದೆ."

ಕರ್ನಲ್ಲರು ತುತ್ತು ಕೈಯಲ್ಲೇ ಹಿಡಿದು ಹೆಂಡತಿಯ ಮುಖ ನೋಡಿದರು. "ನಿನಗೂ ಗೊತ್ತಾ?"

"ಗೊತ್ತು ರೀ. ಮೊದಲೇ ನನ್ನ ಹತ್ರ ಹೇಳಬಾರದಿತ್ತಾ?"

"ನಿನಗೆ ಯಾಕೆ ಗಾಬರಿ ಅಂತ..."

"ದೊಡ್ಡಾಸ್ಪತ್ರೆಯ ದೊಡ್ಡ ಡಾಕ್ಟರ ಹತ್ರ ಮಾತಾಡಿದೀನಿ," ಎಂದರು ಭಾವ. "ನಾಳೆ ಹತ್ತೂಕಾಲಿಗೆ ಬರೋಕೆ ಹೇಳಿದಾರೆ. ಬರ್ತೀರಿ ತಾನೆ?"

ಕರ್ನಲ್ಲರ ಕಣ್ಣು ತುಂಬಿಬಂತು. ಆಸ್ಪತ್ರೆಯೊಳಗೆ ಹೋಗಿ ಆ ಕಂಪ್ಯೂಟರನ್ನು ಕಣ್ಣಾರೆ ನೋಡಲು ಅವರ ಸಾಹೇಬರು ನಾಲ್ಕು ತಿಂಗಳಿಂದ ಅರ್ಜಿ ಮೇಲೆ ಅರ್ಜಿ ಹಾಕಿದ್ದರೂ ಒಳಗೆ ಬಿಟ್ಟಿರಲಿಲ್ಲ. ಈ ಭಾವ ಒಂದೇ ದಿನದಲ್ಲಿ ಬಾಗಿಲು ತೆಗೆಸಿದ್ದರು!

"ಬರ್ತೀನಾ ಅಂತ ಕೇಳ್ತೀರಲ್ಲ ಭಾವ! ನಿಮ್ಮ ಉಪಕಾರ ಹೇಗೆ ತೀರಿಸಲಿ?"

ಇಷ್ಟು ಸುಲಭವಾಗಿ ಒಪ್ಪಿದ ರೋಗಿಯನ್ನು ಕಂಡು ಭಾವನಿಗೆ ಇನ್ನಷ್ಟು ದಿಗಿಲಾಯಿತು. ದಾರಿಯಲ್ಲಿ ಮನಸ್ಸು ಬದಲಿಸಿ ಓಡಿದರೆ ಹಿಡಿಯಲು ಇರಲಿ ಎಂದು ಗೇಟ್ ತಾತನನ್ನೂ ಜೊತೆಗೆ ಹೊರಡಿಸಿದರು. ಟೀಚರಮ್ಮ ಕರೆಯದೆಯೇ ಹೊರಟರು.

ಶುಕ್ರವಾರ ಐದು ಜನರ ಈ ತಂಡ ಆಸ್ಪತ್ರೆ ಸೇರಿತು. ಹೊರಗೆ ಉದ್ದನೆಯ ಬೆಂಚುಗಳ ಮೇಲೆ ಕೈ ಮುರಿದವರು, ಕಾಲು ಉಳುಕಿದವರು, ಕೆಮ್ಮುವವರು. ಕೌಂಟರಿನ ಹಿಂದೆ ಒಬ್ಬ ತೆಳ್ಳಗಿನ ಗುಮಾಸ್ತರು ಕಂಪ್ಯೂಟರನ್ನೂ ಗಡಿಯಾರವನ್ನೂ ಸರದಿಯಲ್ಲಿ ನೋಡುತ್ತಿದ್ದರು. ಕರ್ನಲ್ಲರು ಆ ಕಂಪ್ಯೂಟರಿನ ಕಡೆ ನೆಂಟರ ಮನೆಗೆ ಬಂದವರ ಹಾಗೆ ಹೆಜ್ಜೆ ಹಾಕಿದರು. ಭಾವ ತೋಳು ಹಿಡಿದು ಒಳಗಿನ ಕೋಣೆಗೆ ತಿರುಗಿಸಿದರು.

ಡಾಕ್ಟರು ವಯಸ್ಸಾದವರು, ತಾಳ್ಮೆಯವರು. ಪೆನ್ನು ತೆರೆದರು.

"ಹೇಳಿ. ಯಾವಾಗಿಂದ ಈ ತೊಂದರೆ?"

"ನಾಲ್ಕು ತಿಂಗಳು ಡಾಕ್ಟ್ರೇ. ಹೊಸ ವರ್ಷನ್ ಹಾಕಿದಾಗಿಂದ."

"ಏನು ಹಾಕಿದಾಗಿಂದ?"

"ಹೊಸ ವರ್ಷನ್. ಹಳೇದು ಹೀಗೆ ಮಾಡ್ತಿರಲಿಲ್ಲ. ನಿಧಾನ ಇತ್ತು, ಆದ್ರೆ ಸೋರ್ತಿರಲಿಲ್ಲ."

ಡಾಕ್ಟರು ಬರೆದುಕೊಂಡರು. "ಸೋರೋದು ನಿಮಗೇ ಗೊತ್ತಾಗುತ್ತಾ?"

"ನಿಮಿಷ ನಿಮಿಷಕ್ಕೂ ಲೆಕ್ಕ ಬರುತ್ತೆ. ಹನ್ನೊಂದಕ್ಕೆ ಸೊನ್ನೆ."

"ಆಮೇಲೆ?"

"ಆಮೇಲೆ ಏನು ಕೇಳಿದ್ರೂ ಉತ್ತರ ಇಲ್ಲ. ಹಿಂದುಗಡೆ ಒಂದು ಗುಂಡಿ ಇದೆಯಲ್ಲ, ಅದನ್ನ ಐದು ಸೆಕೆಂಡ್ ಒತ್ತಿ ಹಿಡೀಬೇಕು. ಪೂರ್ತಿ ಆರಿ ಮತ್ತೆ ಹತ್ತಿಕೊಳ್ಳುತ್ತೆ."

ಡಾಕ್ಟರ ಪೆನ್ನು ನಿಂತಿತು. ಕನ್ನಡಕದ ಮೇಲಿಂದ ಹೆಂಡತಿಯ ಕಡೆ ನೋಡಿದರು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಗುಂಡಿ ಎಲ್ಲಿರಬಹುದೆಂದು ಟೀಚರಮ್ಮ ಕರ್ನಲ್ಲರ ಬೆನ್ನನ್ನು ಒಮ್ಮೆ ಇಣುಕಿ ನೋಡಿದರು.

"ಒಂದು ಸಣ್ಣ ಪರೀಕ್ಷೆ ಮಾಡೋಣ," ಎಂದು ಡಾಕ್ಟರು ಮೇಜಿನಿಂದ ಒಂದು ಕಟ್ಟು ಚಿತ್ರದ ಕಾರ್ಡುಗಳನ್ನು ತೆಗೆದು ಕೈಗೆ ಕೊಟ್ಟರು. "ಒಂದೊಂದೇ ನೋಡಿ ಹೆಸರು ಹೇಳಿ, ನೆನಪಿಟ್ಕೊಳ್ಳಿ."

ಕಂಪ್ಯೂಟರಿನ ಹತ್ತಿರ ಬಿಡುವ ಮುನ್ನ ಹೀಗೊಂದು ನಿಯಮ ಇರಬೇಕೆಂದುಕೊಂಡ ಕರ್ನಲ್ಲರು ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಎತ್ತಿದರು. "ಬೀಗದ ಕೈ. ಮೇಕೆ. ಏಣಿ. ಕೊಡೆ..." ಅಷ್ಟರಲ್ಲಿ ಮೇಜಿನ ಫೋನ್ ಹೊಡೆದುಕೊಂಡಿತು. ಡಾಕ್ಟರು ಅದನ್ನೆತ್ತುತ್ತಾ, "ಸಾಕು, ನಿಲ್ಲಿಸಿ. ವಾಪಸ್ ಕೊಡಿ," ಎಂದು ಕೈ ಚಾಚಿದರು. ಕರ್ನಲ್ಲರು ಕೊಡೆ ಕೊಟ್ಟರು.

ಡಾಕ್ಟರು ಫೋನಿಟ್ಟು ತಮ್ಮ ಕೈಯಲ್ಲಿದ್ದ ಒಂಟಿ ಕೊಡೆಯನ್ನು ನೋಡಿದರು. "ಉಳಿದವು?"

"ಯಾವ ಉಳಿದವು?"

"ಅಲ್ಲ ಸ್ವಾಮಿ, ಇಸ್ಕೊಳ್ಳುವಾಗ ಇಡೀ ಕಟ್ಟು ಇಸ್ಕೊಂಡ್ರಿ. ಮಧ್ಯದಲ್ಲಿ ನಿಲ್ಲಿಸಿ ಅಂದ ಮಾತ್ರಕ್ಕೆ ಕೈಯಲ್ಲಿದ್ದ ಒಂದನ್ನ ಕೊಟ್ಟು ಮಿಕ್ಕಿದ್ದೆಲ್ಲ ತೊಡೆ ಮೇಲೇ ಇಟ್ಕೊಂಡ್ರೆ ಹೇಗೆ?"

ಕರ್ನಲ್ಲರು ಕೂತಲ್ಲೇ ಕಲ್ಲಾದರು. ಬಾಯಿ ಅರ್ಧ ತೆರೆದಿತ್ತು. ಆಮೇಲೆ ಒಂದೇ ಸಲ ಎದ್ದು ನಿಂತರು. ಬೀಗದ ಕೈ, ಮೇಕೆ, ಏಣಿ ಎಲ್ಲ ನೆಲದ ಮೇಲೆ ಚೆಲ್ಲಾಪಿಲ್ಲಿಯಾದವು.

"ಸಿಕ್ತು!" ಎಂದು ಕೂಗಿದರು. "ಡಾಕ್ಟ್ರೇ, ಸಿಕ್ತು! ಮಧ್ಯದಲ್ಲಿ ನಿಲ್ಲಿಸಿದಾಗ! ಇಸ್ಕೊಂಡಿದ್ದು ಐನೂರ ಹನ್ನೆರಡು, ಕೊಟ್ಟಿದ್ದು ಒಂದು! ಐನೂರ ಹನ್ನೊಂದು ತೊಡೆ ಮೇಲೆ!"

"ಇವತ್ತೇ ಅಡ್ಮಿಟ್ ಮಾಡಿಬಿಡೋಣ," ಎಂದರು ಡಾಕ್ಟರು, ಅಷ್ಟೇ ತಾಳ್ಮೆಯಿಂದ.

"ಯಂತ್ರಾನಾ?"

"ನಿಮ್ಮನ್ನ."

ಆಗ ಕರ್ನಲ್ಲರಿಗೆ ಬೆಳಕಾಯಿತು. ಸುತ್ತ ನೋಡಿದರು. ಬಾಗಿಲಿಗೆ ಅಡ್ಡಲಾಗಿ ಭಾವ. ಕಿಟಕಿಗೆ ಅಡ್ಡಲಾಗಿ ಟೀಚರಮ್ಮ.

"ಅಯ್ಯೋ, ನನಗೇನಾಗಿದೆ? ಮೆಮರಿ ಲೀಕ್ ಆಗ್ತಿರೋದು ಕರ್ನಲ್‌ನಲ್ಲಿ!"

"ಅದೇ ಸ್ವಾಮಿ, ನಾವೂ ಅದನ್ನೇ ಹೇಳ್ತಿರೋದು," ಎಂದರು ಟೀಚರಮ್ಮ.

"ಆ ಕರ್ನಲ್ ಅಲ್ಲ ಮೇಡಂ! ನಾನು ಸೈನ್ಯದ ಕರ್ನಲ್ ಅಲ್ಲ, ನಾನು ಸೈನ್ಯದಲ್ಲಿ ಇರಲೇ ಇಲ್ಲ!"

ಟೀಚರಮ್ಮ ಗೋಡೆ ಹಿಡಿದುಕೊಂಡರು. "ಕೇಳಿದ್ರಾ ಡಾಕ್ಟ್ರೇ? ಇಡೀ ಸೈನ್ಯವೇ ಸೋರಿಹೋಯ್ತು! ಮೂರು ವರ್ಷದಿಂದ ಕರ್ನಲ್ ಆಗಿದ್ದವರು!"

ಹೆಂಡತಿ ಮಾತ್ರ ಹುಬ್ಬು ಗಂಟಿಕ್ಕಿದರು. "ಸೈನ್ಯವಾ? ನಮ್ಮವರಿಗೆ ಯಾವ ಸೈನ್ಯ? ಕಟ್ಟಡದವರು ಕರ್ನಲ್ ಅಂತ ಕರೆಯೋದು ಅವರ ಕಂಪ್ಯೂಟರ್ ಕೆಲಸಕ್ಕೆ ಅಂತಲ್ವಾ?"

"ಪಾಪ, ಹೆಂಡ್ತಿಗೂ ಹೇಳಿಲ್ಲ," ಎಂದರು ಟೀಚರಮ್ಮ. "ಬೇಕಾದ್ರೆ ತಾತನ್ನ ಕೇಳಿ. ಸೈನ್ಯದವರಿಗೆ ಸೈನ್ಯದವರು ಗೊತ್ತಾಗ್ತಾರೆ. ಹೇಳಿ ತಾತ!"

ಗೇಟ್ ತಾತ ಮೂಲೆಯಿಂದ ಒಂದು ಹೆಜ್ಜೆ ಮುಂದೆ ಬಂದು ಸೆಟೆದು ನಿಂತರು.

"ಹದಿನೆಂಟು ವರ್ಷ ಸರ್ವಿಸ್ ಮಾಡಿದೀನಿ ಡಾಕ್ಟ್ರೇ. ಇವರು ಸೈನ್ಯದವರಲ್ಲ."

"ಏನಂದ್ರಿ?" ಎಂದರು ಟೀಚರಮ್ಮ.

"ಮೊದಲ ದಿನವೇ ಗೊತ್ತಾಯ್ತು ಮೇಡಂ. ಎಡಗೈಯಲ್ಲಿ ಸೆಲ್ಯೂಟ್ ಹೊಡೆದ್ರು. ಅದೂ ಊಟದ ಡಬ್ಬಿ ಹಿಡಿದ ಕೈ. ಡಬ್ಬಿ ಹಣೆಗೆ ಬಡೀತು."

"ಮತ್ತೆ ಮೂರು ವರ್ಷ ಯಾಕ್ರೀ ಸೆಲ್ಯೂಟ್ ಹೊಡೆದ್ರಿ?"

"ಮೂವತ್ತೆರಡು ಮನೆ ಮೇಡಂ. ದಿನಾ ಗೇಟ್ ತೆಗೀತೀನಿ. ನಿಂತು ತಿಂಡಿ ಆಯ್ತಾ ಅಂತ ಕೇಳೋದು ಇವರೊಬ್ಬರೇ. ಕೆಲವೊಂದು ದಿನ ಎರಡು ಸಲ ಕೇಳ್ತಾರೆ, ಮರೆತು. ಹಾಗಾಗಿ ಹೊಡೀತೀನಿ. ನನ್ನ ಸೆಲ್ಯೂಟು, ನಾನು ಯಾರಿಗೆ ಬೇಕಾದ್ರೂ ಹೊಡೀಬಹುದು."

ಕರ್ನಲ್ಲರು ತಲೆ ತಗ್ಗಿಸಿ ಕಾರ್ಡುಗಳನ್ನು ಆರಿಸತೊಡಗಿದರು. "ಮೊದಲ ದಿನವೇ ಹೇಳಬೇಕಿತ್ತು ಮೇಡಂ. ನೆರಳಿನ ಆಸೆಗೆ ಸುಮ್ಮನಾದೆ. ತಪ್ಪಾಯ್ತು."

"ಆ ಜಾಗ ಇವತ್ತೇ ಖಾಲಿ ಮಾಡಿ," ಎಂದರು ಟೀಚರಮ್ಮ. ಅವರ ದುಃಖವೆಲ್ಲ ಕ್ಷಣದಲ್ಲಿ ಆರಿ, ಸಂಘದ ಅಧ್ಯಕ್ಷೆ ವಾಪಸ್ ಬಂದಿದ್ದರು.

"ಹಾಗಾದ್ರೆ ಸೋರ್ತಿರೋದು ಯಾವುದು?" ಎಂದು ಡಾಕ್ಟರು ಕೇಳಿದರು.

ಕರ್ನಲ್ಲರು ಬಾಯಿ ತೆರೆಯುವ ಮುಂಚೆ ಬಾಗಿಲು ತಳ್ಳಿಕೊಂಡು ಗುಮಾಸ್ತರ ತಲೆ ಒಳಗೆ ಬಂತು. "ಸರ್, ಹನ್ನೊಂದಾಯ್ತು. ನಿಂತ್ಹೋಯ್ತು." ಇಂಥ ಸುದ್ದಿ ಹೇಳುವವರ ಮುಖದಲ್ಲಿ ಇರಬಾರದಷ್ಟು ಶಾಂತಿ ಅವರ ಮುಖದಲ್ಲಿತ್ತು. ಕೈಯಲ್ಲಿ ಆಗಲೇ ಕಾಫಿ ಲೋಟ.

"ಅದೇ!" ಕರ್ನಲ್ಲರು ಭಾವನ ಕಂಕುಳ ಕೆಳಗೆ ತೂರಿ ಹೊರಗೋಡಿದರು. ಹಿಡಿಯಲೆಂದೇ ಬಂದಿದ್ದ ತಾತ ಗೋಡೆಗೆ ಸರಿದು ದಾರಿ ಬಿಟ್ಟರು.

ಕೌಂಟರಿನಲ್ಲಿ ಕಂಪ್ಯೂಟರಿನ ಪರದೆ ಒಂದು ಮುರಿದ ಮೊಣಕೈಯ ಅರ್ಧ ಚಿತ್ರ ತೋರಿಸುತ್ತಾ ಸತ್ತುಬಿದ್ದಿತ್ತು. ಆ ಮೊಣಕೈಯ ಒಡತಿ, ಒಬ್ಬ ಅಜ್ಜಿ, ಎದುರಿಗೇ ಕತ್ತಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ಕೈ ಇಟ್ಟುಕೊಂಡು ನಿಂತಿದ್ದರು.

"ಗುಮಾಸ್ತರೇ, ಒಂದು ಪ್ರಶ್ನೆ. ನಿಜ ಹೇಳಿ. ಸ್ಕ್ಯಾನ್ ಚಿತ್ರ ಪೂರ್ತಿ ಬರೋ ತನಕ ಕಾಯ್ತೀರಾ?"

ಗುಮಾಸ್ತರು ನಕ್ಕರು. "ಯಾರಿಗಿದೆ ಪುರುಸೊತ್ತು? ಇಂಥವರದ್ದು ಅಂತ ಗೊತ್ತಾಗೋವಷ್ಟು ಬಂದ್ರೆ ಮುಚ್ಚಿ ಮುಂದಿನದು ತೆಗೀತೀನಿ. ದಿನಕ್ಕೆ ಸಾವಿರ ಚಿತ್ರ ಸ್ವಾಮಿ."

ಕಚೇರಿಯಲ್ಲಿ ಕರ್ನಲ್ಲರು ಪ್ರತಿ ಚಿತ್ರವನ್ನೂ ಕೊನೆಯವರೆಗೆ ಕಾದು, ನೋಡಿ, ಆಮೇಲೆ ಮುಚ್ಚುತ್ತಿದ್ದರು. ಅವಸರ ಎಂಬುದನ್ನು ಅವರು ಪರೀಕ್ಷಿಸಿರಲೇ ಇಲ್ಲ. ಡಾಕ್ಟರು ತಮ್ಮ ಕುರ್ಚಿಯನ್ನೇ ಹೊರಗೆ ತರಿಸಿ ಹಾಕಿದರು. ಕರ್ನಲ್ಲರು ಜೊತೆಗೆ ತಂದಿದ್ದ ಲ್ಯಾಪ್‌ಟಾಪ್ ತೆರೆದು, ಅರ್ಧಕ್ಕೆ ನಿಂತ ಕೆಲಸದ ಪುಟಗಳನ್ನು ವಾಪಸ್ ಇಸಿದುಕೊಳ್ಳುವ ಜಾಗ ಹುಡುಕಿದರು. ಅಲ್ಲಿ ಕರ್ನಲ್ ಬಂದ ಪುಟ ಚಿಕ್ಕದೋ ದೊಡ್ಡದೋ ಎಂದು ಕೇಳುತ್ತಲೇ ಇರಲಿಲ್ಲ. ಎಲ್ಲವೂ ಚಿಕ್ಕದೆಂದು ನಂಬಿ ಒಂದನ್ನು ಇಟ್ಟುಕೊಂಡು ಬಾಗಿಲು ಹಾಕಿಕೊಳ್ಳುತ್ತಿತ್ತು. ಕರ್ನಲ್ಲರು ಒಂದು ಸಾಲು ಬರೆದರು. ಕೇಳು, ದೊಡ್ಡದಾದರೆ ಪೂರ್ತಿ ಇಸಿದುಕೋ.

ಕಚೇರಿಯಲ್ಲಿ ಸಾಹೇಬರು ಅದನ್ನು ಪರೀಕ್ಷಿಸಿ ನೋಡಿ ಆಸ್ಪತ್ರೆಗೆ ಕಳಿಸಿಕೊಡುವ ಹೊತ್ತಿಗೆ ನಾಲ್ಕು ಗಂಟೆ. "ಎಷ್ಟು ಸಾಲು ಬರೆದ್ರಿ?" ಎಂದು ಫೋನಿನಲ್ಲಿ ಕೇಳಿದರು.

"ಒಂದು ಸರ್."

"ನಾಲ್ಕು ತಿಂಗಳಿಗೆ ಒಂದು ಸಾಲು!" ಸಾಹೇಬರ ಧ್ವನಿಯಲ್ಲಿದ್ದದ್ದು ಹೊಗಳಿಕೆಯೋ ಬೈಗುಳವೋ ಇಂದಿಗೂ ತೀರ್ಮಾನವಾಗಿಲ್ಲ.

ಶನಿವಾರ ಹನ್ನೊಂದಕ್ಕೆ ಕೌಂಟರಿನ ಸುತ್ತ ಜನವೋ ಜನ. ಡಾಕ್ಟರು, ದಾದಿಯರು, ರೋಗಿಗಳು, ಗಡಿಯಾರ ಹಿಡಿದ ಭಾವ. ಟೀಚರಮ್ಮ ಬಂದದ್ದು ಕರ್ನಲ್ಲರ ಮೇಲಿನ ಸಿಟ್ಟಿಗಾಗಿ, ಆದರೆ ನಿಂತದ್ದು ಎಲ್ಲರಿಗಿಂತ ಮುಂದೆ. ಗಂಟೆ ಹತ್ತು ಐವತ್ತೊಂಬತ್ತಾಯಿತು. ಗುಮಾಸ್ತರು ರೂಢಿಯಂತೆ ಅರ್ಧ ಎದ್ದರು. ಹನ್ನೊಂದಾಯಿತು. ಪರದೆಯ ಮೇಲೆ ಯಾರದೋ ಪಕ್ಕೆಲುಬುಗಳು ಬಂದವು, ಹೋದವು, ಇನ್ನೊಬ್ಬರ ಮೊಣಕಾಲು ಬಂತು. ಹನ್ನೊಂದು ಐದು. "ಸರಿಯಾದ ಸಮಯಕ್ಕೆ ಚಲಿಸುತ್ತಿದೆ!" ಎಂದು ಭಾವ ಘೋಷಿಸಿದರು. ಬೆಂಚುಗಳ ಮೇಲಿದ್ದವರು ಚಪ್ಪಾಳೆ ತಟ್ಟಿದರು. ಹೆಂಡತಿ ಗಂಡನ ಬಳಿ ಬಂದು, "ರೀ, ಇನ್ನಾದ್ರೂ ಆ ಬಲಗಡೆ ಕೂದಲು ಕತ್ತರಿಸಿಕೊಂಡು ಬನ್ನಿ," ಎಂದರು. ಮದುವೆಯಾದ ಮೇಲೆ ಅವರು ಹೇಳಿದ ಅತಿ ಪ್ರೀತಿಯ ಮಾತು ಅದೇ ಎಂದು ಕರ್ನಲ್ಲರು ತಿಳಿದರು. ಚಪ್ಪಾಳೆ ತಟ್ಟದೆ ಕೂತಿದ್ದವರು ಗುಮಾಸ್ತರೊಬ್ಬರೇ.

ಹತ್ತು ದಿನ ಕಳೆದ ಮೇಲೆ ಸಾಹೇಬರು ಕರ್ನಲ್ಲರನ್ನು ಕರೆದು ಒಂದು ಕಾಗದ ಮುಂದಿಟ್ಟರು. ಆಸ್ಪತ್ರೆಯ ಕೌಂಟರಿನಿಂದ ಬಂದ ದೂರು. "ತಾವು ಮಾಡಿದ ದುರಸ್ತಿಯ ನಂತರ ಯಂತ್ರವು ಹನ್ನೊಂದು ಗಂಟೆಗೆ ನಿಲ್ಲುತ್ತಿಲ್ಲ. ಹನ್ನೆರಡಕ್ಕೂ ನಿಲ್ಲುತ್ತಿಲ್ಲ. ಇದರಿಂದ ಸಿಬ್ಬಂದಿಗೆ ಕಾಫಿ ಕುಡಿಯಲು ಬಹಳ ತೊಂದರೆಯಾಗಿದೆ. ದಯವಿಟ್ಟು ಕೂಡಲೇ ಸರಿಪಡಿಸಬೇಕು."

"ನಿಮ್ಮ ಸಾಲು, ನೀವೇ ಉತ್ತರ ಬರೀರಿ," ಎಂದರು ಸಾಹೇಬರು.

ಕರ್ನಲ್ಲರು ಡಾಕ್ಟರಿಗೆ ಫೋನ್ ಮಾಡಿ ಅಪ್ಪಣೆ ಪಡೆದು, ಉತ್ತರ ಬರೆದರು: "ತಮ್ಮ ದೂರನ್ನು ಪರಿಶೀಲಿಸಲಾಗಿದೆ. ಯಂತ್ರವು ಇನ್ನು ನಿಲ್ಲುವುದಿಲ್ಲ. ಹನ್ನೊಂದು ಗಂಟೆಗೆ ಕಾಲು ಗಂಟೆ ಗುಮಾಸ್ತರು ನಿಲ್ಲಬಹುದು. ಆಗ ಪಕ್ಕದ ಕೌಂಟರಿನವರು ಕೂರತಕ್ಕದ್ದು."

ಗುಮಾಸ್ತರು ಅದಕ್ಕೆ ಚೌಕಟ್ಟು ಹಾಕಿಸಿ ಕೌಂಟರಿನ ಮೇಲೆ ತೂಗುಹಾಕಿದ್ದಾರೆ. ಹನ್ನೊಂದು ಬಾರಿಸಿದೊಡನೆ ಮಾತಾಡದೆ ಅದರ ಕಡೆ ಒಂದು ಬೆರಳು ತೋರಿಸಿ, ಲೋಟ ತೆಗೆದುಕೊಂಡು ಎದ್ದು ಹೋಗುತ್ತಾರೆ.